ಮೂಗು ಕಟ್ಟಿದಾಗ ಮೊದಲು ಉಪ್ಪುನೀರು, ಆಮೇಲೆ ಮಾತ್ರೆ

ಪುಣೆಯಲ್ಲಿ ಮಳೆ ಹಿಂದೆ ಸರಿದು ಬೆಳಗಿನ ಚಳಿ ಆರಂಭವಾಗುವ ಹೊತ್ತಿಗೆ ನಮ್ಮ ಕನ್ನಡದ ಮನೆಗಳಲ್ಲಿ ಒಬ್ಬರಲ್ಲದಿದ್ದರೆ ಇನ್ನೊಬ್ಬರಿಗೆ ಮೂಗು ಕಟ್ಟಿ, ಹುಬ್ಬಿನ ಮೇಲೆ ಭಾರವೆನಿಸಿ, ಬಗ್ಗಿದರೆ ಕೆನ್ನೆ ಸಿಡಿಯುವಂತಾಗುತ್ತದೆ. ಆಗ ಮೆಡಿಕಲ್‌ನಿಂದ ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ತಂದು ನುಂಗುವುದು ವಾಡಿಕೆಯೇ ಆಗಿಬಿಟ್ಟಿದೆ. ಈ ವಾಡಿಕೆ ನಿಲ್ಲಬೇಕೆಂಬುದು ನನ್ನ ಕಳಕಳಿ. ಸೈನಸ್ ಸೋಂಕುಗಳಲ್ಲಿ ಬಹುಪಾಲು ನೆಗಡಿಯ ವೈರಸ್ಸಿನಿಂದಲೇ ಬರುವಂಥವು. ವೈರಸ್ಸನ್ನು ಆಂಟಿಬಯೋಟಿಕ್ ಏನೂ ಮಾಡಲಾರದು.

ಮುಖದ ಮೂಳೆಗಳೊಳಗೆ ಸೈನಸ್ ಎಂಬ ನಾಲ್ಕು ಜೋಡಿ ಗಾಳಿಗೂಡುಗಳಿದ್ದು, ಅವುಗಳ ಲೋಳೆ ಕಿರಿದಾದ ದ್ವಾರಗಳ ಮೂಲಕ ಮೂಗಿಗೆ ಇಳಿಯುತ್ತದೆ. ಕೆನ್ನೆಯ ಗೂಡಿನ ದ್ವಾರವಂತೂ ಅದರ ಮೇಲ್ಭಾಗದಲ್ಲಿರುವುದರಿಂದ, ಒಳಗಿನ ಸೂಕ್ಷ್ಮ ರೋಮಗಳು ಲೋಳೆಯನ್ನು ಮೇಲಕ್ಕೆ ದೂಡಿಯೇ ಹೊರಹಾಕಬೇಕು. ನೆಗಡಿಯಲ್ಲಿ ಒಳಪೊರೆ ಊದಿಕೊಂಡು ಆ ದ್ವಾರ ಮುಚ್ಚಿದರೆ ಲೋಳೆ ಅಲ್ಲಿಯೇ ನಿಂತು ನೋವು ಕೊಡುತ್ತದೆ. ಹೀಗಾಗಿ ದಾರಿ ತೆರೆಯುವುದೇ ಮೊದಲ ಚಿಕಿತ್ಸೆ.

ಅದಕ್ಕೆ ಉಪ್ಪುನೀರಿನಿಂದ ಮೂಗು ತೊಳೆಯುವಷ್ಟು ಸರಳವಾದ ಉಪಾಯ ಬೇರೊಂದಿಲ್ಲ. ಸುಮಾರು 240 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು ಮತ್ತು ಒಂದು ಚಿಟಿಕೆ ಅಡುಗೆ ಸೋಡಾ ಕರಗಿಸಿ, ಬೇಸಿನ್ನಿನ ಮೇಲೆ ಬಗ್ಗಿ, ತಲೆಯನ್ನು ಪಕ್ಕಕ್ಕೆ ವಾಲಿಸಿ, ಬಾಯಿಯಿಂದ ಉಸಿರಾಡುತ್ತ ಮೇಲಿನ ಹೊಳ್ಳೆಗೆ ಮೆಲ್ಲಗೆ ಸುರಿದರೆ ಅದು ಕೆಳಗಿನ ಹೊಳ್ಳೆಯಿಂದ ಹರಿದುಹೋಗುತ್ತದೆ. ಆದರೆ ನೀರನ್ನು ಕುದಿಸಿ ಆರಿಸಿರಲೇಬೇಕು. ಪುಣೆಯ ಹೊರಬಡಾವಣೆಗಳಲ್ಲಿ ಟ್ಯಾಂಕರಿನ ನೀರೇ ಗತಿಯಾಗಿರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ನೀಗ್ಲೇರಿಯಾ ಫೌಲೆರಿ ಎಂಬ ಅಮೀಬಾ ನೀರಿನೊಡನೆ ಹೊಟ್ಟೆಗೆ ಹೋದರೆ ಸೋಂಕು ತಗುಲದು. ಮೂಗಿನ ಮೂಲಕ ಮಿದುಳು ಸೇರಿದರೆ ಬದುಕುಳಿಯುವವರು ತೀರ ವಿರಳ. ನೀರು ಒಂದು ನಿಮಿಷ ಚೆನ್ನಾಗಿ ಕುದಿದರೆ ಆ ಭಯವಿಲ್ಲ.

ಹಬೆಯಿಂದ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಸೋಂಕು ಹೋಗುವುದಿಲ್ಲ. ಮಕ್ಕಳ ಮುಂದೆ ಕುದಿನೀರಿನ ಪಾತ್ರೆ ಇಡುವುದು ಅಪಾಯ. ಊರಿನಿಂದ ಅವ್ವ ಫೋನಿನಲ್ಲಿ ಹೇಳುವ ಶುಂಠಿ ಕಷಾಯಕ್ಕೆ ಯಾವ ಅಡ್ಡಿಯೂ ಇಲ್ಲ, ಅದು ಗಂಟಲಿಗೆ ಹಿತ. ಕ್ಸೈಲೋಮೆಟಾಜೋಲಿನ್ ಹನಿಗಳು ಮೂಗನ್ನು ಕೂಡಲೇ ತೆರೆಯುತ್ತವೆಯಾದರೂ, ಐದು ದಿನ ಮೀರಿ ಬಳಸಿದರೆ ಅವುಗಳಿಂದಲೇ ಮೂಗು ಮತ್ತೆ ಕಟ್ಟತೊಡಗುತ್ತದೆ. ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ನಿಧಾನವಾಗಿ ಕೆಲಸ ಮಾಡುವುದರಿಂದ ಅದನ್ನು ಎರಡೇ ದಿನಕ್ಕೆ ಬಿಡಬಾರದು, ಮತ್ತು ಅದರ ತುದಿ ಮೂಗಿನ ನಡುಗೋಡೆಯತ್ತ ಅಲ್ಲ, ಕಿವಿಯ ಕಡೆಗೆ ಇರಬೇಕು.

ಸಿಂಬಳ ಹಳದಿಯಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಎನ್ನಲಾಗದು. ಹತ್ತು ದಿನ ಕಳೆದರೂ ಇಳಿಮುಖವಾಗದಿದ್ದರೆ, ಅಥವಾ ಗುಣವಾಗುತ್ತ ಬಂದದ್ದು ಮತ್ತೆ ಉಲ್ಬಣಿಸಿದರೆ, ಇಲ್ಲವೇ 39 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಮುಖದ ನೋವಿನೊಡನೆ ಮೂರು ನಾಲ್ಕು ದಿನ ಬಿಡದಿದ್ದರೆ ಆಂಟಿಬಯೋಟಿಕ್‌ನ ಪ್ರಶ್ನೆ ಏಳುತ್ತದೆ. ಆಗ ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಒಂದೇ ಬದಿಯಿಂದ ದುರ್ವಾಸನೆಯ ಕೀವು ಬರುತ್ತಿದ್ದರೆ ಮೇಲಿನ ದವಡೆ ಹಲ್ಲಿನ ಬೇರನ್ನೂ ತೋರಿಸಬೇಕು. 12 ವಾರ ಮೀರಿದ ತೊಂದರೆಗೆ ಕಾರಣ ಅಲರ್ಜಿಯೂ ಇರಬಹುದು. 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ಆಮೇಲೆ ದೇಶವೆಲ್ಲ ಹಬ್ಬಿದ ಪಾರ್ಥೇನಿಯಂ ಕಳೆ ಇಂದಿಗೂ ಇಲ್ಲಿನ ಖಾಲಿ ನಿವೇಶನಗಳಲ್ಲಿ ಹೂಬಿಡುತ್ತದೆ, ಅದರ ಪರಾಗವೂ ಅಂಥ ಅಲರ್ಜಿ ತರಬಲ್ಲದು.

ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಕತ್ತು ಬಿಗಿಯುವುದು, ಮಂಪರು ಇವುಗಳಲ್ಲಿ ಯಾವುದೇ ಕಂಡರೂ ಬೆಳಗಿನವರೆಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. 2021ರಲ್ಲಿ ಮಹಾರಾಷ್ಟ್ರ ಕಂಡ ಮ್ಯೂಕರ್ ಶಿಲೀಂಧ್ರ ಸೋಂಕು ಹೆಚ್ಚಾಗಿ ಹಿಡಿದದ್ದು ಸಕ್ಕರೆ ಕಾಯಿಲೆಯವರನ್ನೇ. ಅಂಥವರು ಮುಖ ಜೋಮು ಹಿಡಿದರೂ, ಮೂಗಿನಿಂದ ಕಪ್ಪು ಹಕ್ಕಳೆ ಬಂದರೂ ಒಂದು ದಿನವನ್ನೂ ಕಳೆಯಬಾರದು.