ಪೆಟ್ಟಿಗೆ ನಂ. 3: ಎಡಗಡೆ ಹಿಡಿಕೆ ಕೊನೆಗೂ ಬಂತು

ನಿನ್ನೆ ಸಂಜೆ ಆರೂವರೆಗೆ ಎಡಗಡೆಯ ಹಿತ್ತಾಳೆ ಹಿಡಿಕೆ ಕಳಚಿಕೊಂಡು ಬಂತು. ನಾಲ್ಕೇ ನಾಲ್ಕು ಸ್ಕ್ರೂ, ಹನ್ನೊಂದು ವಾರ. ಅದರ ಹಿಂದೆ ಕಂಡಿದ್ದನ್ನು ನೆನೆಸಿಕೊಂಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೈಸೂರಿನ ಮಂಡಿ ಮೊಹಲ್ಲಾದ ಹಳೇ ಸಾಮಾನಿನ ಅಂಗಡಿಯಿಂದ ತಂದ ತೇಗದ ಪೆಟ್ಟಿಗೆ ಇದು. "ಟಿಪ್ಪು ಕಾಲದ್ದು ಸಾರ್, ಪಟ್ಟಣದ ಲೂಟೀಲಿ ಸಿಕ್ಕಿದ್ದು, ಹಡಗಿನ ಕ್ಯಾಪ್ಟನ್‌ದು" ಅಂತ ಹೇಳಿ ಕೊಟ್ಟಿದ್ದರು. ಹಿತ್ತಾಳೆ ಮೂಲೆ ಇರುವ ಪೆಟ್ಟಿಗೆಗೆಲ್ಲ ನಮ್ಮ ಕಡೆ ಇದೇ ಕಥೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಲೂಟಿಯಾಗಿದ್ದು ನಿಜ. ಆದರೆ ಇಂಗ್ಲಿಷ್ ಹಡಗಿನವನ ಪೆಟ್ಟಿಗೆ ಅಂದರೆ ಅವನ ಜೊತೆ ಘಟ್ಟ ಹತ್ತಿ ಬರಬೇಕು, ಕೋಟೆಯ ಒಳಗಿಂದ ಲೂಟಿಯಾಗಿ ಯಾಕೆ ಬರುತ್ತೆ, ಅಲ್ವಾ?

ತೊಳೆದಿದ್ದು, ಹುಳು ನೋಡಿದ್ದು, ಬೀಗಕ್ಕೆ ಎಣ್ಣೆ ಬಿಟ್ಟಿದ್ದು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಮಾಡುವ ಕೆಲಸ ಅದು. ನನ್ನನ್ನು ಕಾಡಿದ್ದು ಒಂದೇ ವಿಷಯ: ಈ ಪೆಟ್ಟಿಗೆಯ ಆಕಾರ ಒಂದು ಮಾತು ಹೇಳುತ್ತಿತ್ತು, ಹಿತ್ತಾಳೆ ಇನ್ನೊಂದು ಹೇಳುತ್ತಿತ್ತು.

ಮೊದಲು ಆಕಾರ. ತಳದಲ್ಲಿ ಅಗಲ 19 ಇಂಚು, ಬಾಯಲ್ಲಿ ಹದಿನೇಳೂವರೆ. ಮುಂದಿನ ಹಲಗೆ ಒಳಕ್ಕೆ ವಾಲಿದೆ. ಹಡಗು ಹೊಯ್ದಾಡುವಾಗ ಪೆಟ್ಟಿಗೆ ಮಗುಚಬಾರದು ಅಂತ ನಾವಿಕರ ಪೆಟ್ಟಿಗೆಗಳನ್ನು ಹೀಗೆ ಮಾಡುತ್ತಿದ್ದರು. ಒಳಗೆ ಎಡಗಡೆ ಮೇಲ್ಭಾಗದಲ್ಲಿ ಎರಡು ಸಣ್ಣ ತೋಡು ಕೊರೆದಿದೆ. ಸೂಜಿ, ದಾರ, ಕಾಗದ, ಚಿಲ್ಲರೆ ಇಡುವ ಪುಟ್ಟ ಗೂಡು ಕೂರುತ್ತಿದ್ದ ಜಾಗ ಅದು. ಗೂಡು ಹೋಗಿದೆ, ತೋಡು ಉಳಿದಿದೆ. ಮೂಲೆಯಲ್ಲಿ ಹಲಗೆಗಳನ್ನು ಹಲ್ಲಿನ ಹಾಗೆ ಹೆಣೆದ ಡವ್‌ಟೇಲ್‌ಗಳು ಒಂದರಂತೆ ಒಂದಿಲ್ಲ, ಆಚಾರಿ ಗೀಚಿದ ಗೆರೆ ಈಗಲೂ ಕಾಣುತ್ತೆ. ಕೈಕೆಲಸವೇ, ಅನುಮಾನ ಇಲ್ಲ. ಇದೆಲ್ಲ ಸಾಮಾನ್ಯ ನಾವಿಕನ ಪೆಟ್ಟಿಗೆಯ ಲಕ್ಷಣ.

ಹಿತ್ತಾಳೆ ನೋಡಿದರೆ ಮಾತ್ರ ಯಾವುದೋ ದೊಡ್ಡ ಅಧಿಕಾರಿಯದು. ಎಂಟು ಮೂಲೆಗೂ ಪಟ್ಟಿ, ಎರಡು ಬದಿಗೂ ತೂಗು ಹಿಡಿಕೆ. ನಾವಿಕನ ಪೆಟ್ಟಿಗೆಗೆ ಹಿತ್ತಾಳೆ ಹಿಡಿಕೆ ಇರುವುದು ಕಡಿಮೆ. ಬದಿಗೆ ಮರದ ದಪ್ಪ ತುಂಡು ಬಡಿದು, ಅದರ ತೂತಿನಲ್ಲಿ ಹಗ್ಗ ಪೋಣಿಸಿ ಗಂಟು ಹಾಕುತ್ತಿದ್ದರು.

ಮೂಲೆಯ ಒಂದು ಸ್ಕ್ರೂ ಮೊದಲೇ ಸಡಿಲ ಇತ್ತು. ತೆಗೆದು ನೋಡಿದೆ: ತುದಿ ಚೂಪು. ಹಿತ್ತಾಳೆಯ ಮಟ್ಟಿಗೆ ಟಿಪ್ಪು ಕಥೆ ಅಲ್ಲಿಗೇ ಮುಗಿಯಿತು. ಹಳೇ ಕಾಲದ ಸ್ಕ್ರೂಗೆ ತುದಿ ಮೊಂಡು. ತೂತು ಪೂರ್ತಿ ಕೊರೆದ ಮೇಲೇ ಅದು ಇಳಿಯುವುದು. ಚೂಪು ತುದಿಯ ಸ್ಕ್ರೂವನ್ನು ಯಂತ್ರದಲ್ಲಿ ಮಾಡುವುದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಆಗಿದ್ದು 1846ರಲ್ಲಿ, ಇಂಗ್ಲೆಂಡಿನ ಸ್ಕ್ರೂ ತಯಾರಕ ನೆಟಲ್‌ಫೋಲ್ಡ್ ಆ ಹಕ್ಕು ಕೊಂಡಿದ್ದು 1854ರಲ್ಲಿ. ಹಾಗಾಗಿ ಹಿತ್ತಾಳೆ ಅದಕ್ಕಿಂತ ಈಚಿನದು. ಮರವೂ ಈಚಿನದೇ, ಇಲ್ಲ ಹಿತ್ತಾಳೆ ಆಮೇಲೆ ಬಂತಾ? ಉತ್ತರ ಇದ್ದರೆ ಹಿಡಿಕೆಯ ಹಿಂದೆಯೇ ಇರಬೇಕು.

ಆದರೆ ಹಿಡಿಕೆ ಅಲ್ಲಾಡಲಿಲ್ಲ. ಸ್ಕ್ರೂ ಸುತ್ತ ಹಸಿರು ಕಿಲುಬು ಕಟ್ಟಿ, ತಲೆಯ ಸೀಳು ಅರ್ಧ ಮುಚ್ಚಿಹೋಗಿತ್ತು. ಹಿತ್ತಾಳೆ ಮೆತ್ತಗಿನ ಲೋಹ. ಸ್ವಲ್ಪ ಜೋರು ಮಾಡಿದರೆ ಸೀಳು ಹರಿದುಹೋಗುತ್ತೆ. ಮೂರು ವಾರ ಎಣ್ಣೆ ಬಿಟ್ಟೆ. ಎಣ್ಣೆಯನ್ನು ಮರ ಕುಡಿಯಿತು, ಸ್ಕ್ರೂ ಕದಲಲಿಲ್ಲ. ಅಂಗಡಿಯ ಸ್ಕ್ರೂಡ್ರೈವರ್‌ಗಳ ಬಾಯಿ ಆಪು ಕೊಟ್ಟು ಇಳಿಜಾರು ಮಾಡಿರುತ್ತಾರೆ, ಹಳೇ ಸೀಳಿನಿಂದ ಅದು ಜಾರುತ್ತೆ. ಕೊನೆಗೆ ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡು, ಈ ಸೀಳಿಗೇ ಕೂರುವ ಹಾಗೆ ಅರದಿಂದ ಉಜ್ಜಿದೆ. ಆಮೇಲೆ ಬೆಸುಗೆ ಕಡ್ಡಿಯನ್ನು ಕಾಯಿಸಿ ಸ್ಕ್ರೂ ತಲೆ ಮೇಲೆ ಒಂದು ನಿಮಿಷ ಇಟ್ಟು, ಆರಲು ಬಿಟ್ಟೆ. ಹಾಗೆ ಮೂರು ಸಲ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಬೇಕು, ಅದೇ ಗುಟ್ಟು. "ಟಿಕ್" ಅಂತ ಸಣ್ಣ ಸದ್ದು ಬಂತು. ಆ ಸದ್ದಿಗೆ ನಾನು ಹನ್ನೊಂದು ವಾರ ಕಾದಿದ್ದೆ.

ಇದರ ಮಧ್ಯೆ, ಒಂದು ವೇಳೆ ತಲೆ ಮುರಿದರೆ ಇರಲಿ ಅಂತ ಹಿತ್ತಾಳೆ ಸ್ಕ್ರೂ ತರಿಸಿದ್ದೆ. ಆನ್‌ಲೈನಿನಲ್ಲಿ "ಅಪ್ಪಟ ಹಿತ್ತಾಳೆ" ಅಂತ ಬರೆದಿದ್ದರು. ಆಯಸ್ಕಾಂತ ಹಿಡಿದರೆ ಅಷ್ಟೂ ಹೋಗಿ ಅಂಟಿಕೊಂಡವು. ಕಬ್ಬಿಣಕ್ಕೆ ಹಿತ್ತಾಳೆ ಬಣ್ಣ! ವಾಪಸ್ ಕಳಿಸಿದೆ. ಎರಡನೇ ಕಡೆಯಿಂದ ಬಂದವು ಹಿತ್ತಾಳೆಯವೇ, ಆದರೆ ಸ್ಟಾರ್ ತಲೆ. ಉದ್ದ ಸೀಳಿನದು ಬೇಕು ಅಂತ ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಇಂಥ ಸಣ್ಣ ಸಾಮಾನಿಗೆ ಇಷ್ಟು ಅಲೆಸುತ್ತಾರಲ್ಲ ಅಂತ ನಿಜವಾಗಿ ಬೇಜಾರಾಯಿತು.

ಹಿಡಿಕೆ ತೆಗೆದ ಮೇಲೆ ಮೊದಲಿಗೆ ಏನೂ ಕಾಣಲಿಲ್ಲ. ಬರೀ ಕಪ್ಪು ಮರ. ನಮ್ಮ ಆಚಾರ್ರು ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದರು. "ಟಾರ್ಚ್ ಎದುರಿಗೆ ಹಿಡೀಬ್ಯಾಡಿ ಸಾರ್, ಮಗ್ಗುಲಿಗೆ ಹಿಡೀರಿ. ಕಳ್ಳ ಎದುರಿಗೆ ನಿಂತ್ರೆ ಸಿಕ್ತಾನಾ?" ಅಂದರು. ಹಲಗೆಗೆ ಟಾರ್ಚ್ ಒರಗಿಸಿದೆ. ಉಗುರಿಗೆ ತಾಗುವಷ್ಟೇ ಎತ್ತರದ ಒಂದು ಗೆರೆ ಎದ್ದು ಕಾಣಿಸಿತು. ಬಣ್ಣದ ಅಂಚು. ಯಾವುದೋ ದಪ್ಪ ತುಂಡಿನ ಸುತ್ತ ಬಣ್ಣ ಬಳಿದಾಗ ಅಂಚಿನಲ್ಲಿ ಗಟ್ಟಿಯಾಗಿ ನಿಂತುಕೊಳ್ಳುತ್ತಲ್ಲ, ಅದು. ಗೆರೆಯ ಒಳಗೆ ಮರ ಬೋಳು, ಹೊರಗೆ ಕಡು ಹಸಿರು. ಬೇರೆ ಕಡೆಯೆಲ್ಲ ಬಣ್ಣ ಕೆರೆದು ಪಾಲಿಶ್ ಹೊಡೆದಿದ್ದಾರೆ. ಹಿಡಿಕೆಯ ತಗಡಿನ ಮರೆಯಲ್ಲಿ ಇಷ್ಟೇ ಉಳಿದಿದೆ. ಗೆರೆಯ ಒಳಗೆ ಎರಡು ತೂತು. ಎರಡೂ ಚೌಕ. ಅಂದರೆ ಈಗಿನ ತಂತಿ ಮೊಳೆ ಅಲ್ಲ, ಹಳೇ ಚೌಕ ಮೊಳೆ. ತಗಡಿನಿಂದ ಆಚೆಗೂ ಹುಡುಕಿದೆ. ಪುಟ್ಟಿ ತುಂಬಿ ಮುಚ್ಚಿದ ಇನ್ನೆರಡು ಸಿಕ್ಕವು. ನಾಲ್ಕನ್ನೂ ಸೇರಿಸಿದರೆ ಒಂಬತ್ತು ಇಂಚು ಉದ್ದದ ತುಂಡು. ಹಗ್ಗದ ಹಿಡಿಕೆ ಕೂತಿದ್ದ ಜಾಗ!

ಹಾಗಾದರೆ ಇದು ಮೊದಲು ಹಸಿರು ಬಣ್ಣದ, ಹಗ್ಗದ ಹಿಡಿಕೆಯ, ಸಾದಾ ನಾವಿಕನ ಪೆಟ್ಟಿಗೆ. ಹಿತ್ತಾಳೆ ಹಾಕಿಸಿಕೊಂಡಿದ್ದು ನೆಲಕ್ಕೆ ಬಂದ ಮೇಲೆ. ಕ್ಯಾಪ್ಟನ್‌ಗಿಂತ ಈ ನಾವಿಕನೇ ನನಗೆ ಹೆಚ್ಚು ಇಷ್ಟ. ಅವನಿಗೆ ಹಡಗಿನಲ್ಲಿ ಸ್ವಂತ ಅಂತ ಇದ್ದಿದ್ದು ಈ ಪೆಟ್ಟಿಗೆ ಒಂದೇ. ಅದೇ ಅವನ ಬೀರು, ಅದೇ ಕೂರುವ ಬೆಂಚು. ಮುಚ್ಚಳದ ಮೇಲೆ ನಡುವೆ ಸವೆದು ತಗ್ಗಾಗಿರುವ ಜಾಗಕ್ಕೆ ಕೈ ಇಟ್ಟರೆ ಅದು ಗೊತ್ತಾಗುತ್ತೆ.

ಇಂಗ್ಲೆಂಡಿನ ನಾವಿಕರ ಪೆಟ್ಟಿಗೆಗಳು ಬಹಳಷ್ಟು ಪೈನ್ ಮರದವು. ತೇಗ ಅಂದಾಗ ಈ ಕಡೆಯ ಬಂದರೊಂದರಲ್ಲಿ ಆದ ಕೆಲಸ ಅನ್ನುವ ಕಡೆಗೆ ನನ್ನ ಮನಸ್ಸು ವಾಲುತ್ತೆ. ಬಾಂಬೆಯ ಹಡಗುಕಟ್ಟೆಯಲ್ಲಿ ಆಗ ತೇಗದ ಹಡಗುಗಳನ್ನೇ ಕಟ್ಟುತ್ತಿದ್ದರು. ಅಲ್ಲಿ 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಅನ್ನುವ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ತೇಗದ ಬಾಳಿಕೆ ಅಂಥದ್ದು.

ಹಿತ್ತಾಳೆ ತೆಗೆದುಹಾಕಿ ಹಗ್ಗ ಕಟ್ಟೋಣವಾ ಅಂತ ಒಂದು ಗಳಿಗೆ ಆಸೆ ಆಯಿತು. ಬೇಡ. ಹಿತ್ತಾಳೆಯೂ ಈ ಪೆಟ್ಟಿಗೆಯ ಬದುಕೇ. ಅದೇ ಸ್ಕ್ರೂಗಳಿಂದ ವಾಪಸ್ ಕೂರಿಸುತ್ತೇನೆ. ಹಗ್ಗದ ಹಿಡಿಕೆಯನ್ನು ಬೇರೆಯಾಗಿ ಮಾಡಿ ಪೆಟ್ಟಿಗೆಯೊಳಗೆ ಇಡುತ್ತೇನೆ. ಕತ್ತಾಳೆ ನಾರಿನ ಹಗ್ಗಕ್ಕೆ ಮಂಡ್ಯದ ಕಡೆಯ ಸಂತೆಗೆ ಹೋಗಬೇಕು. ನೈಲಾನ್ ಮಾತ್ರ ಬೇಡ. ಆ ಕಡೆ ಹೋದಾಗ ಸ್ನೇಹಿತರ ಮನೆಯ ಅಟ್ಟದಲ್ಲಿರುವ ಬೀಟೆ ಪೆಟ್ಟಿಗೆಯನ್ನೂ ಇಳಿಸಿ ನೋಡಬೇಕು. ಮೈತುಂಬ ಹಿತ್ತಾಳೆ ಮೊಳೆಯ ಚಿತ್ತಾರ, ಕೆಳಗೆ ಮೂರು ಖಾನೆ. ಅವರು ಅದನ್ನೂ ಹಡಗಿನ ಪೆಟ್ಟಿಗೆ ಅನ್ನುತ್ತಾರೆ. ಫೋಟೋ ನೋಡಿದರೆ ನಮ್ಮ ಪಶ್ಚಿಮ ಕರಾವಳಿಯಿಂದ ಅರಬ್ ದೇಶಗಳಿಗೂ ಜಾಂಜಿಬಾರ್‌ಗೂ ಹೋಗುತ್ತಿದ್ದ ಮದುವೆ ಪೆಟ್ಟಿಗೆಯ ಥರ ಇದೆ. ಖಾನೆಯ ತಳ ಮಗುಚಿ ನೋಡದೆ ಏನೂ ಹೇಳಲ್ಲ.

ಬಲಗಡೆ ಹಿಡಿಕೆ ಭಾನುವಾರ. ಬೆಸುಗೆ ಕಡ್ಡಿ, ಉಜ್ಜಿಟ್ಟ ಸ್ಕ್ರೂಡ್ರೈವರ್ ಎರಡೂ ಮುಚ್ಚಳದ ಮೇಲೇ ಇಟ್ಟಿದ್ದೇನೆ. ಆಚಾರ್ರು ಬೆಳಿಗ್ಗೆಯೇ ಬರುತ್ತೇನೆ ಅಂದಿದ್ದಾರೆ.