ಮೂರು ಜನರ ಮನೆಗೆ ಎಷ್ಟು ಅಕ್ಕಿ

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದ ಸುದ್ದಿ ಟಿವಿಯಲ್ಲಿ ಬಂದಾಗ ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಕುಳಿತಳು. ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿ, "ಇವರಲ್ಲಿ ಅವಳಿಲ್ಲ" ಎಂದಳು. ಯಾರು ಎಂದು ನಾನು ಕೇಳಲಿಲ್ಲ.

ಅದಕ್ಕೆ ಇಪ್ಪತ್ತು ವರ್ಷ ಹಿಂದೆ ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆಯ ಒಂಟಿ ಮನೆ. ಸಂಕ ದಾಟಿ, ದಣಪೆ ತೆಗೆದು ಬರಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯ ಕಾಡಂಚಿನ ಮನೆಗಳಲ್ಲಿ ಇದ್ದಾಗಲೇ ನಕ್ಸಲರಿಗೆ ಮಲೆನಾಡಿನಲ್ಲಿ ನೆಲೆ ಸಿಕ್ಕಿದ್ದು. 2003ರ ನವೆಂಬರ್‌ನಲ್ಲಿ ಕಾರ್ಕಳದ ಈದುವಿನಲ್ಲಿ ಪಾರ್ವತಿ, ಹಾಜಿಮಾ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. ಆಮೇಲೆ ರಾತ್ರಿ ನಾಯಿ ಬೊಗಳಿದರೆ ಅಪ್ಪಯ್ಯ ಮೊದಲು ದೀಪ ಸಣ್ಣ ಮಾಡುತ್ತಿದ್ದರು.

2005ರ ಜನವರಿಯ ಒಂದು ರಾತ್ರಿ, ಅಡಿಕೆ ಸುಲಿಯಲು ಬಂದವರೆಲ್ಲ ಹೊರಟುಹೋದ ಮೇಲೆ, ಐದು ಜನ ಬಂದರು. ಊಟ ಕೇಳಿದರು. ಅಮ್ಮ ಒಲೆಗೆ ಮತ್ತೆ ಸೌದೆ ಒಡ್ಡಿದಳು. ಅನ್ನ ಬೇಯುವಷ್ಟು ಹೊತ್ತು ಅವರಲ್ಲೊಬ್ಬಳು ಹುಡುಗಿ ಬಂದೂಕನ್ನು ಕಂಬಕ್ಕೆ ಒರಗಿಸಿ, ಯಾರೂ ಹೇಳದೆಯೇ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯತೊಡಗಿದಳು. ಅಮ್ಮನಷ್ಟೇ ವೇಗ. ಅಡಿಕೆ ಸುಲಿಯುವ ಮನೆಯಲ್ಲಿ ಹುಟ್ಟಿದವರ ಕೈ ಅದು. "ಪರೀಕ್ಷೆ ಯಾವಾಗ?" ಎಂದು ನನ್ನನ್ನು ಕೇಳಿದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಉಂಡು ಹೊರಟಾಗ ಬುಟ್ಟಿಯ ಕಾಲು ಭಾಗ ಸುಲಿದಿಟ್ಟಿದ್ದಳು.

ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದ ಬಳಿ, ಬಲಿಗೆಯಲ್ಲಿ, ನಕ್ಸಲ್ ನಾಯಕ ಸಾಕೇತ್ ರಾಜನ್ ಮತ್ತು ಅವರ ಜೊತೆಗಿದ್ದ ಶಿವಲಿಂಗು ಎನ್‌ಕೌಂಟರ್‌ನಲ್ಲಿ ಸತ್ತರು. ಸಾಕೇತ್ ಮೈಸೂರಿನವರು, ಕರ್ನಾಟಕದ ಇತಿಹಾಸ ಬರೆದವರು. ಪತ್ರಿಕೆಯನ್ನು ಕಸಿದುಕೊಂಡು ನಾನು ಮೊದಲು ಹುಡುಕಿದ್ದು ಹುಡುಗಿಯರ ಹೆಸರು ಇದೆಯೇ ಎಂದು.

ಅದಾದ ಕೆಲವೇ ದಿನಕ್ಕೆ ಪೊಲೀಸರು ಬಂದರು. ಅಪ್ಪಯ್ಯನನ್ನು ಬೆಳಿಗ್ಗೆಯೇ ಜೀಪಿನಲ್ಲಿ ಕರೆದುಕೊಂಡು ಹೋದರು. ಉಳಿದವರಲ್ಲಿ ಬಯಲುಸೀಮೆಯ ಮಾತಿನ ಒಬ್ಬ ಹುಡುಗ ಪೇದೆಯಿದ್ದ. ತುಟಿ ಒಡೆದು ರಕ್ತ ಒಣಗಿತ್ತು. ಅಮ್ಮ ಅವನಿಗೂ ಮಜ್ಜಿಗೆ ಕೊಟ್ಟಳು. ಅವನು ಅಧಿಕಾರಿಯ ಮುಖ ನೋಡಿ, ಆಮೇಲೆ ಗಟಗಟ ಕುಡಿದ.

ಅಧಿಕಾರಿ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬ, ದೊಡ್ಡ ಪಾತ್ರೆ ಎಲ್ಲ ನೋಡಿ ಬಂದರು. ನನ್ನನ್ನೇ ಕರೆದರು.

"ಮನೆಯಲ್ಲಿ ಮೂರೇ ಜನ. ಇಷ್ಟು ದೊಡ್ಡ ಪಾತ್ರೆಯಲ್ಲಿ ಯಾರಿಗೆ ಅನ್ನ ಮಾಡುತ್ತೀರಿ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

"ಅಡಿಕೆ ಸುಲಿಯಲು ಬರುವವರಿಗೆ ಸಾರ್."

ಅವರು ನನ್ನ ಕೈ ಹಿಡಿದು ತಿರುಗಿಸಿದರು. ಬೆರಳುಗಳು ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದವು. ಉಗುರಿನ ಸಂದಿಯವರೆಗೂ ನೋಡಿ ಬಿಟ್ಟರು. ಮಾತು ಪೂರ್ತಿ ಸುಳ್ಳೂ ಅಲ್ಲ, ಆದರೆ ಅವರು ಕೇಳಿದ್ದು ಅದನ್ನಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಯವರೆಗೆ ನಾನು ಹೇಳಿದ್ದ ಸುಳ್ಳುಗಳೆಲ್ಲ ಬೈಸಿಕೊಳ್ಳುವ ಭಯದ ಮಕ್ಕಳ ಸುಳ್ಳುಗಳು.

ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೂ ಎಲೆ ಹಾಕುವುದು ನಮ್ಮ ಕಡೆ ಯಾರೂ ಯೋಚಿಸಿ ಮಾಡುವ ಕೆಲಸವಲ್ಲ. ಬಂದೂಕು ಹೊತ್ತು ಬಂದು ಅನ್ನ ಕೇಳಿದವರ ಮೇಲೂ, ಆ ಅನ್ನದ ಲೆಕ್ಕ ಕೇಳಿದವರ ಮೇಲೂ ನನಗೆ ಇಂದಿಗೂ ಸಿಟ್ಟಿದೆ. ಆ ಹುಡುಗಿಯ ಮೇಲೆ ಮಾತ್ರ ಎಷ್ಟು ಪ್ರಯತ್ನಿಸಿದರೂ ಸಿಟ್ಟು ಬರುವುದಿಲ್ಲ.

ಅಪ್ಪಯ್ಯ ಬಂದಾಗ ಕತ್ತಲಾಗಿತ್ತು. ನಾನು ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಯ ನೀರು ಕಾಯಿಸಿಟ್ಟಿದ್ದೆ. ಅವರು ಅಂಗಿ ಬಿಚ್ಚುತ್ತಾ ತಗ್ಗಿದ ದನಿಯಲ್ಲಿ ಕೇಳಿದರು.

"ನಿನ್ನನ್ನೂ ಕೇಳಿದರಾ?"

"ಹೂಂ. ಪಾತ್ರೆ ಯಾರಿಗೆ ಎಂದು ಕೇಳಿದರು. ಅಡಿಕೆ ಸುಲಿಯುವವರಿಗೆ ಎಂದೆ."

ಅಪ್ಪಯ್ಯ ಎರಡು ತಂಬಿಗೆ ನೀರು ಹೊಯ್ದುಕೊಂಡರು.

"ನಾನೂ ಅದನ್ನೇ ಹೇಳಿದೆ."