ಒಂದೇ ಸಂದೇಶವನ್ನು ಎಷ್ಟು ಗುಂಪುಗಳಿಗೆ ಹಾಕಬೇಕು?

ಉಡುಪಿಯಲ್ಲಿ ಯಕ್ಷಗಾನದ ಹುಚ್ಚಿರುವವರ ಮೊಬೈಲಿನಲ್ಲಿ ತೆಂಕಣ ಶೈಲಿಯಾದ ತೆಂಕುತಿಟ್ಟಿನದೊಂದು, ಬಡಗಣ ಶೈಲಿಯಾದ ಬಡಗುತಿಟ್ಟಿನದೊಂದು, ವೇಷ-ಕುಣಿತವಿಲ್ಲದೆ ಕುಳಿತು ಮಾತಾಡುವ ತಾಳಮದ್ದಳೆಯದೊಂದು, ಊರಿನ ಮೇಳದ ಅಭಿಮಾನಿಗಳದೊಂದು ಎಂದು ವಾಟ್ಸ್‌ಆ್ಯಪ್ ಗುಂಪುಗಳು ಇದ್ದೇ ಇರುತ್ತವೆ. ಎರಡೂ ತಿಟ್ಟುಗಳನ್ನು ನೋಡುವ ಊರಾದ್ದರಿಂದ ಒಂದು ಗುಂಪಿನಲ್ಲಿರುವವರೇ ಇನ್ನೊಂದರಲ್ಲಿಯೂ ಕಾಣಸಿಗುತ್ತಾರೆ. ನವೆಂಬರಿನ ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ, ಮೇ ತಿಂಗಳ ಪತ್ತನಾಜೆಯ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವವರೆಗೂ ಒಂದೇ ಆಟದ, ಅಂದರೆ ಯಕ್ಷಗಾನ ಪ್ರದರ್ಶನದ, ಕರಪತ್ರ ನಾಲ್ಕು ಕಡೆ ಬಂದು ಬೀಳುತ್ತಿರುತ್ತದೆ. ಇದನ್ನು ದೊಡ್ಡ ಕಿರಿಕಿರಿ ಎನ್ನುವವರ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ, ಏಕೆಂದರೆ ಕಂಡ ಕರಪತ್ರವನ್ನು ದಾಟಿ ಹೋಗಲು ಬೆರಳಿಗೆ ಕಷ್ಟವೇನಿಲ್ಲ. ತೊಂದರೆ ಇರುವುದು ಅದರ ಕೆಳಗೆ ಹುಟ್ಟುವ ಪ್ರಶ್ನೆಗಳಲ್ಲಿ ಮತ್ತು ಆಮೇಲೆ ಬರಬೇಕಾದ ತಿದ್ದುಪಡಿಯಲ್ಲಿ.

ಕಳೆದ ತಿರುಗಾಟದ ಕೊನೆಯ ಭಾಗದಲ್ಲಿ ಒಂದು ಸಂಜೆ ಮೋಡ ಕವಿದದ್ದನ್ನು ನೋಡಿ, ಗದ್ದೆಯಲ್ಲಿ ಆಗಬೇಕಿದ್ದ ಬಯಲಾಟವನ್ನು ಸಂಘಟಕರು ದೇವಸ್ಥಾನದ ಸಭಾಭವನಕ್ಕೆ ಬದಲಾಯಿಸಿ, ಸುದ್ದಿಯನ್ನು ತಮ್ಮ ಗುಂಪಿನಲ್ಲಿ ಹಾಕಿದರು. ಕರಪತ್ರವನ್ನು ಬೇರೆ ಗುಂಪುಗಳಿಗೆ ದಾಟಿಸಿದ್ದವರಿಗೆ ಈ ಸುದ್ದಿಯನ್ನೂ ದಾಟಿಸಬೇಕೆಂದು ಹೊಳೆಯಲಿಲ್ಲ. ‘ಆಟ ಉಂಟಾ ಮಾರಾಯ್ರೆ?’ ಎಂಬ ಪ್ರಶ್ನೆಗೆ ಒಂದು ಗುಂಪಿನಲ್ಲಿ ‘ಉಂಟು, ಸಭಾಭವನದಲ್ಲಿ’ ಎಂಬ ಉತ್ತರ ಬಂದರೆ, ಇನ್ನೊಂದರಲ್ಲಿ ‘ಮಳೆ ಅಲ್ವಾ, ಕ್ಯಾನ್ಸಲ್ ಇರಬೇಕು’ ಎಂದು ಬಂತು. ಮತ್ತೊಂದರಲ್ಲಿ ಹೆಬ್ಬೆರಳಿನ ಚಿತ್ರಗಳಷ್ಟೇ ಇದ್ದವು. ಆಟಕ್ಕೆ ಮುಂಚೆ ಬಣ್ಣದ ಮನೆಯಲ್ಲಿ ನಡೆಯುವ ಚೌಕಿಪೂಜೆಯ ಹೊತ್ತಿಗೂ ಕೆಲವರು ಗದ್ದೆಯ ಬಳಿ ಸ್ಕೂಟರ್ ನಿಲ್ಲಿಸಿಕೊಂಡು ಫೋನ್ ಮಾಡುತ್ತಿದ್ದರು.

ಈ ತಾಪತ್ರಯ ವಾಟ್ಸ್‌ಆ್ಯಪ್‌ಗಿಂತ ಹಳೆಯದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಕಲ್ಪಿಸಿದ, ಕಂಪ್ಯೂಟರುಗಳ ಮೂಲಕ ಚರ್ಚಾಗುಂಪುಗಳನ್ನು ನಡೆಸುವ ಜಾಲವಾದ ಯೂಸ್‌ನೆಟ್‌ನಲ್ಲಿ ಒಂದು ಬರಹ ಹಲವು ಗುಂಪುಗಳಿಗೆ ಸೇರಿದ್ದಾದರೆ, ಅದರ ತಲೆಯ ಸಾಲಿನಲ್ಲಿ ಎಲ್ಲ ಗುಂಪುಗಳ ಹೆಸರನ್ನೂ ಒಟ್ಟಿಗೆ ಬರೆಯುವ ಕ್ರಮವಿತ್ತು. ಸರ್ವರ್‌ನಲ್ಲಿ ಉಳಿಯುತ್ತಿದ್ದುದು ಒಂದೇ ಪ್ರತಿ. ಒಳ್ಳೆಯ ತಂತ್ರಾಂಶವಿದ್ದರೆ, ಒಂದು ಗುಂಪಿನಲ್ಲಿ ಓದಿದ್ದು ಇನ್ನೊಂದರಲ್ಲಿ ಮತ್ತೆ ಎದುರಾಗುತ್ತಿರಲಿಲ್ಲ. ಇದಲ್ಲದೆ ‘ಫಾಲೋಅಪ್-ಟು’ ಎಂಬ ಸಾಲಿನಲ್ಲಿ, ಉತ್ತರಗಳೆಲ್ಲ ಯಾವ ಗುಂಪಿಗೆ ಹೋಗಬೇಕೆಂಬುದನ್ನು ಬರೆದವರೇ ಗೊತ್ತುಮಾಡಬಹುದಿತ್ತು. ಅಮೆರಿಕದ ಕ್ಯಾಂಟರ್ ಮತ್ತು ಸೀಗೆಲ್ ಎಂಬ ವಕೀಲ ದಂಪತಿ 1994ರ ಏಪ್ರಿಲಿನಲ್ಲಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಬಿಡಿಬಿಡಿಯಾಗಿ ಸುರಿದಾಗ ಜನ ರೇಗಿದ್ದಕ್ಕೆ, ಹೋದಲ್ಲೆಲ್ಲ ಅದೇ ಹೊಸದಾಗಿ ಎದುರಾಗುತ್ತಿದ್ದುದೂ ಒಂದು ಕಾರಣ.

ನಮ್ಮ ಫಾರ್ವರ್ಡ್ ಆ ದಂಪತಿಯ ದಾರಿಯದು; ದಾಟಿಸಿದಷ್ಟೂ ಬೇರೆ ಬೇರೆ ಪ್ರತಿಗಳು. ಮೂಲ ಸಂದೇಶವನ್ನು 15 ನಿಮಿಷಗಳೊಳಗೆ ತಿದ್ದಲು 2023ರಿಂದ ಅವಕಾಶವಿದೆಯಾದರೂ, ಅಷ್ಟರಲ್ಲಿ ಬೇರೆಡೆ ಹೋದ ಪ್ರತಿ ತಿದ್ದಿಹೋಗುವುದಿಲ್ಲ. ಭಾರತದಲ್ಲಿ 2018ರಲ್ಲಿ ತಂದ, ಒಮ್ಮೆಗೆ ಐದೇ ಕಡೆ ಎಂಬ ಮಿತಿ ಹರಡುವ ವೇಗವನ್ನು ಕಡಿಮೆ ಮಾಡೀತೇ ಹೊರತು ಚದುರಿದ ಉತ್ತರಗಳನ್ನು ಒಂದೆಡೆ ಸೇರಿಸಲಾರದು.

ಹಾಗೆಂದು ಅಡ್ಮಿನ್‌ಗಳು ಇದನ್ನು ಪೂರ್ತಿ ನಿಷೇಧಿಸುವುದು ನನಗೆ ಸರಿ ಕಾಣುವುದಿಲ್ಲ. ಮಣಿಪಾಲ, ಮಂಗಳೂರುಗಳ ಆಸ್ಪತ್ರೆಗಳಲ್ಲಿರುವ ರೋಗಿಗಳಿಗೆ ರಕ್ತ ಬೇಕೆಂಬ ಕೋರಿಕೆ ಎಷ್ಟು ಗುಂಪುಗಳಿಗೆ ಹೋದರೂ ಒಳ್ಳೆಯದೇ, ಆದರೆ ಅದರಲ್ಲಿ ದಿನಾಂಕ ಇರಲೇಬೇಕು. ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಐದು ದಿನಗಳಷ್ಟೇ ಕಾಪಿಡಬಹುದು. ಅದಕ್ಕಾಗಿ ಬರೆದ ‘ತುರ್ತು’ ಕೋರಿಕೆ ಮಾತ್ರ ದಿನಾಂಕವಿಲ್ಲದೆ ತಿಂಗಳುಗಟ್ಟಲೆ ಸುತ್ತುತ್ತಿರುತ್ತದೆ. ಸಿಕ್ಕಿದ ಮೇಲೆ ‘ಸಿಕ್ಕಿತು’ ಎಂದು ಅಷ್ಟೂ ಗುಂಪುಗಳಲ್ಲಿ ಬರೆಯುವ ಹೊಣೆ, ದಾಟಿಸಿದವರದೇ.

ಆಟದ ಕರಪತ್ರಕ್ಕೆ ಅಷ್ಟು ಅವಸರವಿಲ್ಲ. ಅದನ್ನು ಸಂಘಟಕರಿರುವ ಒಂದೇ ಗುಂಪಿನಲ್ಲಿ ಹಾಕಿ, ಬೇರೆ ಜನರಿರುವ ಗುಂಪುಗಳಿಗೆ ಪ್ರಸಂಗ, ಸ್ಥಳ, ಸಮಯದ ಎರಡು ಸಾಲು ಬರೆದು, ‘ವಿಚಾರಣೆಗೆ ಇವರಿಗೆ ಫೋನ್ ಮಾಡಿ’ ಎಂದು ಸಂಘಟಕರ ಒಪ್ಪಿಗೆಯಿಂದ ಅವರ ಸಂಖ್ಯೆ ಕೊಟ್ಟರೆ ಸಾಕು. ಮುಕ್ಕಾಲುಪಾಲು ಅದೇ ಜನರಿರುವ ಗುಂಪಿಗೆ ಅದೂ ಬೇಡ. 2022ರಲ್ಲಿ ಬಂದ ‘ಕಮ್ಯೂನಿಟಿ’ ಸೌಲಭ್ಯದಲ್ಲಿ ಹಲವು ಗುಂಪುಗಳನ್ನು ಒಂದರಡಿ ಸೇರಿಸಿ ಪ್ರಕಟಣೆಯನ್ನು ಒಮ್ಮೆಯೇ ಹಾಕಬಹುದೆಂಬುದು ನಿಜ; ತೆಂಕಿನವರೂ ಬಡಗಿನವರೂ ಒಬ್ಬರೇ ಅಡ್ಮಿನ್‌ರನ್ನು ಒಪ್ಪುವವರೆಗೆ ನಮಗೆ ಈ ಎರಡು ಸಾಲಿನ ಕ್ರಮವೇ ಆಗಬೇಕಷ್ಟೆ.